ಎಡ್ವರ್ಡ್ ವೆಸ್ಟನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೋಗ್ರಫಿ ಕಲಿಯಲು ಬರುವವರಿಗೆ ನಾನು ಮೊದಲ ದಿನ ತೋರಿಸುವುದು ಒಂದು ದಪ್ಪ ಮೆಣಸಿನಕಾಯಿಯ ಚಿತ್ರ. ಕಪ್ಪು ಬಿಳುಪು, 1930ರಲ್ಲಿ ತೆಗೆದದ್ದು. ತೋರಿಸಿ ಸುಮ್ಮನೆ ಕೂರುತ್ತೇನೆ. ಸ್ವಲ್ಪ ಹೊತ್ತಿನಲ್ಲೇ ಪ್ರಶ್ನೆಗಳು ಶುರುವಾಗುತ್ತವೆ. ಎಷ್ಟೋ ವರ್ಷಗಳಿಂದ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಅದಕ್ಕೇ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಯಾರು ಈ ಎಡ್ವರ್ಡ್ ವೆಸ್ಟನ್?

ಅಮೆರಿಕದ ಫೋಟೋಗ್ರಾಫರ್. ಹುಟ್ಟಿದ್ದು 1886ರ ಮಾರ್ಚ್ 24, ಶಿಕಾಗೋ ಹತ್ತಿರದ ಹೈಲ್ಯಾಂಡ್ ಪಾರ್ಕ್‌ನಲ್ಲಿ. ತೀರಿಕೊಂಡಿದ್ದು 1958ರ ಜನವರಿ 1, ಕ್ಯಾಲಿಫೋರ್ನಿಯಾದಲ್ಲಿ. ಮೆಣಸಿನಕಾಯಿ, ಶಂಖ, ಎಲೆಕೋಸಿನ ಎಲೆ, ಮರಳ ದಿಣ್ಣೆ, ಸಮುದ್ರದ ಬಂಡೆ, ಮನುಷ್ಯರ ಮುಖ, ಬೆತ್ತಲೆ ಮೈ – ಇವು ಅವರ ವಸ್ತುಗಳು. ಎಲ್ಲವನ್ನೂ ಒಂದೇ ಕಣ್ಣಿನಿಂದ ನೋಡಿದರು. ಬಂಡೆಗೊಂದು ಮರ್ಯಾದೆ, ತರಕಾರಿಗೊಂದು ಮರ್ಯಾದೆ ಅಂತ ಬೇರೆ ಬೇರೆ ಇರಲಿಲ್ಲ.

ಆ ಮೆಣಸಿನಕಾಯಿಯಲ್ಲಿ ಅಂಥದ್ದೇನಿದೆ?

ಮೊದಲು ಚಿತ್ರವನ್ನು ನಿಧಾನವಾಗಿ ನೋಡಿ. ಕಾಯಿ ನೆಟ್ಟಗಿಲ್ಲ, ತಿರುಚಿಕೊಂಡಿದೆ. ಒಂದು ಕಡೆ ಬಾಗಿದ ಬೆನ್ನಿನ ಹಾಗೆ ಕಾಣುತ್ತದೆ. ಇನ್ನೊಂದು ಕಡೆ ಮಡಚಿದ ತೋಳು. ಇಬ್ಬರು ತಬ್ಬಿಕೊಂಡು ಕೂತಿದ್ದಾರೇನೋ ಅನ್ನಿಸುತ್ತದೆ. ಮತ್ತೆ ನೋಡಿದರೆ ಬರೀ ಮೆಣಸಿನಕಾಯಿ. ಸಿಪ್ಪೆಯ ಮೇಲೆ ಬೆಳಕು ಎಣ್ಣೆಯ ಹಾಗೆ ಜಾರಿಕೊಂಡು ಹೋಗಿದೆ. ಅಂಚುಗಳು ಕತ್ತಲಲ್ಲಿ ಕರಗಿವೆ, ಆದರೂ ಕಾಯಿಯ ಆಕಾರ ಎಲ್ಲೂ ಕಳೆದುಹೋಗಿಲ್ಲ.

ಇದರ ಹೆಸರು 'ಪೆಪ್ಪರ್ ನಂ. 30'. ಹೆಸರಿನಲ್ಲೇ ಕಥೆ ಇದೆ. 1930ರ ಆಗಸ್ಟ್ ಮೊದಲ ವಾರ, ಕ್ಯಾಲಿಫೋರ್ನಿಯಾದ ಕಾರ್ಮೆಲ್ ಊರಿನಲ್ಲಿ ಅವರು ನಾಲ್ಕೈದು ದಿನ ಬರೀ ಮೆಣಸಿನಕಾಯಿ ತೆಗೆಯುತ್ತಾ ಕೂತರು. ಕನಿಷ್ಠ ಮೂವತ್ತು ನೆಗೆಟಿವ್. ಅದಕ್ಕೂ ಹಿಂದಿನ ವರ್ಷವೇ ಮೆಣಸಿನಕಾಯಿಯ ಹಿಂದೆ ಬಿದ್ದಿದ್ದರು. ಬಿಳಿ ರಟ್ಟು, ಬಟ್ಟೆ, ಹೀಗೆ ಹಿಂದೆ ಏನೇನೋ ಇಟ್ಟು ನೋಡಿದ್ದರು. ಯಾವುದೂ ಸರಿ ಬರಲಿಲ್ಲ. ಕೊನೆಗೆ ಹೊಳೆದದ್ದು ತಗಡಿನ ಆಲಿಕೆ. ನಾವು ಸೀಮೆಎಣ್ಣೆ ಸುರಿಯಲು ಇಟ್ಟುಕೊಳ್ಳುತ್ತಿದ್ದೆವಲ್ಲ, ಅಂಥದ್ದೇ, ಸ್ವಲ್ಪ ದೊಡ್ಡದು. ಅದನ್ನು ಅಡ್ಡ ಮಲಗಿಸಿ, ಬಾಯಿಯೊಳಗೆ ಕಾಯಿ ಕೂರಿಸಿದರು. ಆಲಿಕೆಯ ಒಳಗೋಡೆ ಬೆಳಕನ್ನು ಎಲ್ಲಾ ಕಡೆಯಿಂದ ಕಾಯಿಗೆ ವಾಪಸ್ ಕಳಿಸಿತು. ಹಿಂದೆ ನೋಡಿದರೆ ಗೋಡೆಯೂ ಇಲ್ಲ, ಮೇಜೂ ಇಲ್ಲ, ಮೂಲೆಯೂ ಇಲ್ಲ. ಕಾಯಿ ಒಂದೇ ಉಳಿಯಿತು.

ನನ್ನ ಪಾಲಿಗೆ ಇಡೀ ವೆಸ್ಟನ್ ಈ ಆಲಿಕೆಯಲ್ಲಿದ್ದಾರೆ. ದುಬಾರಿ ಲೈಟಿಲ್ಲ, ಸಹಾಯಕರಿಲ್ಲ. ಮನೆಯ ಸಾಮಾನು, ಹಗಲಿನ ಬೆಳಕು, ಮತ್ತೆ ಬಿಡದೆ ನೋಡುವ ಹಟ.

ಅದಕ್ಕೆ ಗಂಟೆಗಟ್ಟಲೆ ಎಕ್ಸ್‌ಪೋಷರ್ ಕೊಟ್ಟರಂತೆ, ಹೌದಾ?

ಎಕ್ಸ್‌ಪೋಷರ್ ಅಂದರೆ ಫಿಲ್ಮಿನ ಮೇಲೆ ಬೆಳಕು ಬೀಳಲು ಬಿಡುವ ಹೊತ್ತು. ನಾಲ್ಕರಿಂದ ಆರು ಗಂಟೆ ಅಂತ ತುಂಬಾ ಕಡೆ ಬರೆದಿರುತ್ತಾರೆ. ಆದರೆ ವೆಸ್ಟನ್ ತಮ್ಮ ದಿನಚರಿಯಲ್ಲಿ ಬರೆದುಕೊಂಡದ್ದು ಆರು ನಿಮಿಷ. ನಾನು ನಂಬುವುದು ದಿನಚರಿಯನ್ನೇ. ಅದೇ ಜಾಗದಲ್ಲಿ ಇನ್ನೊಂದು ಮಾತೂ ಇದೆ: ಆ ಹೊತ್ತಿನ ತಯಾರಿ ಕೆಲವೇ ಕ್ಷಣದ್ದು, ನಿಜವಾದ ತಯಾರಿ ಹಿಂದೆ ಕಳೆದ ಗಂಟೆಗಳಲ್ಲಿ ಆಗಿಹೋಗಿತ್ತು ಅನ್ನುವ ಅರ್ಥದ್ದು. ನನಗೆ ಇದು ಆರು ಗಂಟೆಯ ಕಥೆಗಿಂತ ದೊಡ್ಡದು.

ಗಂಟೆಗಟ್ಟಲೆಯ ಎಕ್ಸ್‌ಪೋಷರ್ ಅವರಿಗೆ ಹೊಸದೇನೂ ಅಲ್ಲ. 1927ರಲ್ಲಿ ಶಂಖಗಳನ್ನು ತೆಗೆಯುವಾಗ ಒಂದಕ್ಕೆ ನಾಲ್ಕೂವರೆ ಗಂಟೆ ಹಿಡಿದಿತ್ತು. ನಯವಾದ ಶಂಖ ನೆಟ್ಟಗೆ ನಿಲ್ಲುವುದೇ ಕಷ್ಟ. ಅಷ್ಟು ಹೊತ್ತು ಅದು ಒಂದು ಕೂದಲೆಳೆಯಷ್ಟೂ ಅಲುಗಬಾರದು. ಮನೆಯಲ್ಲಿ ಮಕ್ಕಳು, ಬೆಕ್ಕುಗಳು. ಒಮ್ಮೆ ಏನೋ ಅಲುಗಿ ನೆಗೆಟಿವ್ ಹಾಳಾಯಿತು. ಮತ್ತೆ ಮೊದಲಿನಿಂದ ಮಾಡಿದರು.

ಆಮೇಲೆ ಆ ಮೆಣಸಿನಕಾಯಿ ತಿಂದುಬಿಟ್ಟರಂತೆ?

ತಿನ್ನುತ್ತಿದ್ದರು. ಮನೆಯಲ್ಲಿ ದುಡ್ಡಿನ ಅಡಚಣೆ ಯಾವಾಗಲೂ ಇತ್ತು. ತರಕಾರಿ ಎಸೆಯುವ ಮನೆ ಅದಲ್ಲ.

ಕ್ಯಾಮೆರಾ ಹಿಡಿದದ್ದು ಯಾವಾಗ?

ಹದಿನಾರನೇ ವಯಸ್ಸಿನಲ್ಲಿ. ತಂದೆ ಡಾಕ್ಟರ್. ತಾಯಿ ಇವರಿಗೆ ಐದು ವರ್ಷ ಆಗಿದ್ದಾಗಲೇ ತೀರಿಕೊಂಡರು. ಅಕ್ಕ ಮೇ ತಾಯಿಯಂತೆ ಸಾಕಿದಳು. 1902ರಲ್ಲಿ ತಂದೆ ಒಂದು ಕೊಡಾಕ್ ಬುಲ್ಸ್ ಐ ಕ್ಯಾಮೆರಾ ಕೊಟ್ಟರು. ಹುಡುಗ ಅದನ್ನು ಹಿಡಿದು ಶಿಕಾಗೋದ ಪಾರ್ಕುಗಳಲ್ಲಿ ಅಲೆದ. ಶಾಲೆಯಲ್ಲಿ ಮನಸ್ಸು ನಿಲ್ಲಲಿಲ್ಲ.

1906ರಲ್ಲಿ ಅಕ್ಕನ ಹಿಂದೆಯೇ ಕ್ಯಾಲಿಫೋರ್ನಿಯಾಕ್ಕೆ ಬಂದರು. ರೈಲ್ವೆ ಸರ್ವೆ ಕೆಲಸ ಮಾಡಿದರು. ಪೋಸ್ಟ್‌ಕಾರ್ಡ್ ಕ್ಯಾಮೆರಾ ಹೊತ್ತು ಮನೆಮನೆಗೂ ಹೋಗಿ ಮಕ್ಕಳು, ನಾಯಿಗಳು, ಸಾವಿನ ಮನೆಗಳು, ಸಿಕ್ಕಿದ್ದನ್ನೆಲ್ಲ ತೆಗೆದರು. ಆಮೇಲೆ ಇಲಿನಾಯ್ ರಾಜ್ಯಕ್ಕೆ ಹೋಗಿ ಫೋಟೋಗ್ರಫಿ ಶಾಲೆ ಸೇರಿದರು. ಒಂಬತ್ತು ತಿಂಗಳ ಪಾಠವನ್ನು ಆರೇ ತಿಂಗಳಲ್ಲಿ ಮುಗಿಸಿದರು. ಒಂಬತ್ತು ತಿಂಗಳ ಫೀಸು ಪೂರ್ತಿ ಕಟ್ಟದೆ ಸರ್ಟಿಫಿಕೇಟ್ ಇಲ್ಲ ಅಂದರು. ಬೇಡ ಅಂತ ಬಂದುಬಿಟ್ಟರು. 1911ರಲ್ಲಿ ಲಾಸ್ ಏಂಜಲಿಸ್ ಪಕ್ಕದ ಟ್ರೋಪಿಕೋದಲ್ಲಿ ಸ್ವಂತ ಸ್ಟುಡಿಯೋ ಹಾಕಿದರು. ಈಗ ಆ ಜಾಗ ಗ್ಲೆಂಡೇಲ್ ಊರಿನೊಳಗೆ ಸೇರಿಹೋಗಿದೆ.

ಮೊದಲಿನಿಂದಲೂ ಹೀಗೆಯೇ ತೆಗೆಯುತ್ತಿದ್ದರಾ?

ಇಲ್ಲ. ಮೊದಲ ಹತ್ತು ವರ್ಷ ಪೂರ್ತಿ ಉಲ್ಟಾ. ಆಗಿನ ಫ್ಯಾಷನ್ನು ಮಸುಕು ಚಿತ್ರ. ಲೆನ್ಸ್ ಮಂಜು ಮಾಡಿ, ಬೆಳಕು ಹರಡಿ, ಫೋಟೋ ಪೇಂಟಿಂಗ್ ಥರ ಕಾಣಬೇಕು. ಅದಕ್ಕೆ ಪಿಕ್ಟೋರಿಯಲಿಸಂ ಅಂತ ಹೆಸರು. ವೆಸ್ಟನ್ ಅದರಲ್ಲಿ ನಿಪುಣರು. ಬಹುಮಾನ ಬಂದವು, ಲಂಡನ್ನಿನವರೆಗೂ ಹೆಸರಾಯಿತು. 1913ರ ಹೊತ್ತಿಗೆ ಪರಿಚಯವಾದ ಮಾರ್ಗ್ರೆಟ್ ಮೇದರ್ ಅನ್ನುವ ಫೋಟೋಗ್ರಾಫರ್‌ರಿಂದ ಬಹಳ ಕಲಿತರು. ಈ ಮೇದರ್ ಹೆಸರನ್ನು ತುಂಬಾ ಜನ ಬಿಟ್ಟೇಬಿಡುತ್ತಾರೆ. ಬಿಡಬಾರದು.

ತಿರುವು ಬಂದದ್ದು 1922ರಲ್ಲಿ. ಒಹಾಯೋ ರಾಜ್ಯದ ಮಿಡ್ಲ್‌ಟೌನ್‌ನಲ್ಲಿದ್ದ ಅಕ್ಕನ ಮನೆಗೆ ಹೋದಾಗ ಅಲ್ಲಿನ ಆರ್ಮ್ಕೋ ಉಕ್ಕಿನ ಕಾರ್ಖಾನೆಯ ಚಿಮಣಿಗಳನ್ನು ತೆಗೆದರು. ಚೂಪಾದ ಗೆರೆಗಳು, ಸ್ಪಷ್ಟ ಅಂಚುಗಳು. ಚಿಮಣಿಗೆ ಮಂಜು ಯಾಕೆ ಬೇಕು? ಅಲ್ಲಿಂದ ನ್ಯೂಯಾರ್ಕ್‌ಗೆ ಹೋಗಿ ಆಗಿನ ದೊಡ್ಡ ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಚಿತ್ರಗಳನ್ನು ತೋರಿಸಿದರು. ಪಾಲ್ ಸ್ಟ್ರ್ಯಾಂಡ್, ಚಾರ್ಲ್ಸ್ ಶೀಲರ್ ಅನ್ನುವ ಫೋಟೋಗ್ರಾಫರ್‌ಗಳೂ ಸಿಕ್ಕರು. ಹಳೆಯ ದಾರಿ ಸಾಕು ಅನ್ನುವುದು ಗಟ್ಟಿಯಾಯಿತು. ಹೆಸರು, ಬಹುಮಾನ, ಗಿರಾಕಿ ಎಲ್ಲಾ ಆ ದಾರಿಯಲ್ಲಿದ್ದಾಗ ಅದನ್ನು ಬಿಡುವುದು ಸುಲಭವಲ್ಲ. ಮೂವತ್ತಾರನೇ ವಯಸ್ಸಿನಲ್ಲಿ, ನಾಲ್ಕು ಮಕ್ಕಳ ತಂದೆಯಾಗಿ ಬಿಟ್ಟರು.

ಮೆಕ್ಸಿಕೋಗೆ ಯಾಕೆ ಹೋದರು?

1923ರಲ್ಲಿ ಟೀನಾ ಮೊದೊತ್ತಿ ಜೊತೆ ಹಡಗು ಹತ್ತಿದರು. ಹಿರಿಯ ಮಗ ಚಾಂಡ್ಲರ್ ಕೂಡ ಜೊತೆಗಿದ್ದ. ಟೀನಾ ಇಟಲಿಯಲ್ಲಿ ಹುಟ್ಟಿದವರು, ಮೂಕಿ ಚಿತ್ರಗಳಲ್ಲಿ ನಟಿಸಿದ್ದವರು. ಇಬ್ಬರೂ ಪ್ರೇಮಿಗಳು. ಅವರ ನಡುವೆ ಒಪ್ಪಂದವೂ ಇತ್ತು: ಟೀನಾ ಸ್ಟುಡಿಯೋ ನೋಡಿಕೊಳ್ಳುವುದು, ವೆಸ್ಟನ್ ಆಕೆಗೆ ಫೋಟೋಗ್ರಫಿ ಕಲಿಸುವುದು. ಟೀನಾ ಎಷ್ಟು ಚೆನ್ನಾಗಿ ಕಲಿತರು ಅಂದರೆ ಇವತ್ತು ಅವರದ್ದೇ ದೊಡ್ಡ ಹೆಸರು.

ಮೆಕ್ಸಿಕೋದಲ್ಲಿ ಆಗ ಕ್ರಾಂತಿ ಮುಗಿದು ಕಲೆ ಉಕ್ಕುತ್ತಿದ್ದ ಕಾಲ. ಡಿಯೇಗೋ ರಿವೇರಾ, ಒರೋಸ್ಕೊ, ಸಿಕೇರೋಸ್ – ಅಲ್ಲಿನ ದೊಡ್ಡ ಚಿತ್ರಕಾರರೆಲ್ಲರ ಜೊತೆ ಒಡನಾಟ. ಕ್ಯಾಲಿಫೋರ್ನಿಯಾದಲ್ಲಿ ಪೋರ್ಟ್ರೇಟ್ ಸ್ಟುಡಿಯೋದವನಾಗಿದ್ದ ಮನುಷ್ಯನನ್ನು ಅಲ್ಲಿ ಕಲಾವಿದ ಅಂತಲೇ ನೋಡಿದರು. ರಿವೇರಾ ಅವರ ಹೆಂಡತಿ ಗ್ವಾದಲೂಪೆ ಮರೀನ್ ಮಾತಾಡುತ್ತಿರುವಾಗ ಬಿಸಿಲಲ್ಲಿ ತೆಗೆದ ಮುಖ, ಸೆನೆಟರ್ ಗಾಲ್ವಾನ್ ಗುರಿ ಇಟ್ಟು ಗುಂಡು ಹೊಡೆಯುವ ಕ್ಷಣದ ಮುಖ, ಎರಡೂ 1924ರವು. ಹುಡುಕಿ ನೋಡಿ. ಆಕಾಶವೇ ಹಿನ್ನೆಲೆ, ಕೆಳಗಿನಿಂದ ನೋಡಿದ ಕೋನ.

ನಡುವೆ ಒಮ್ಮೆ ಊರಿಗೆ ಬಂದು ಹೋದರು. 1926ರ ಕೊನೆಗೆ ಪೂರ್ತಿಯಾಗಿ ವಾಪಸಾದರು. ಶಂಖದ ಚಿತ್ರಗಳನ್ನು ಆಮೇಲೆ ಟೀನಾಗೆ ಅಂಚೆಯಲ್ಲಿ ಕಳಿಸಿದರು. ಅಲ್ಲಿನ ಗೆಳೆಯರಿಗೆ ಅವುಗಳಲ್ಲಿ ಕಾಮ ಕಾಣಿಸಿತು. ತೆಗೆಯುವಾಗ ಅಂಥ ಯೋಚನೆಯೇ ಇರಲಿಲ್ಲ ಅಂತ ವೆಸ್ಟನ್ ಬರೆದಿಟ್ಟಿದ್ದಾರೆ. ನೋಡುವವರ ಕಣ್ಣಿಗೆ ಕಂಡದ್ದೂ ಸುಳ್ಳಲ್ಲ.

ಟಾಯ್ಲೆಟ್ಟಿನ ಫೋಟೋ ತೆಗೆದಿದ್ದು ನಿಜವಾ?

ನಿಜ. 1925, ಮೆಕ್ಸಿಕೋದ ಮನೆ. 'ಎಕ್ಸ್‌ಕುಸಾದೋ' ಅಂತ ಹೆಸರು. ಬಿಳಿ ಕಮೋಡ್ ಅಷ್ಟೇ. ಅದರ ಉಬ್ಬು ತಗ್ಗುಗಳನ್ನು ಗ್ರೀಕ್ ಶಿಲ್ಪ ನೋಡುವ ಹಾಗೆ ನೋಡಿದ್ದಾರೆ. ಸರಿಯಾದ ಎತ್ತರ, ಸರಿಯಾದ ಬೆಳಕು ಸಿಗುವ ತನಕ ದಿನಗಟ್ಟಲೆ ಅದರ ಮುಂದೆ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದರು. ಮೊದಲ ಸಲ ನೋಡಿದವರು ನಗುತ್ತಾರೆ. ಎರಡನೇ ಸಲ ನಗುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಗ್ರೂಪ್ ಎಫ್/64 ಅಂದರೆ ಏನು?

ಲೆನ್ಸಿನ ಅಪರ್ಚರ್ ಕಿರಿದಾದಷ್ಟೂ ಹತ್ತಿರದಿಂದ ದೂರದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ದೊಡ್ಡ ಕ್ಯಾಮೆರಾಗಳಲ್ಲಿ ಎಫ್/64 ತೀರಾ ಕಿರಿದಾದ ತೂತು. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಕೆಲವು ಫೋಟೋಗ್ರಾಫರ್‌ಗಳು ಸೇರಿ ಇದೇ ಹೆಸರಿನ ಗುಂಪು ಕಟ್ಟಿದರು. ವೆಸ್ಟನ್, ಆನ್ಸೆಲ್ ಆಡಮ್ಸ್, ಇಮೋಜನ್ ಕನ್ನಿಂಗ್‌ಹ್ಯಾಮ್, ವಿಲ್ಲರ್ಡ್ ವ್ಯಾನ್ ಡೈಕ್, ಸೋನ್ಯಾ ನೊಸ್ಕೊವಿಯಾಕ್ ಮುಂತಾದವರು. ಆ ನವೆಂಬರಿನಲ್ಲಿ ಡಿ ಯಂಗ್ ಮ್ಯೂಸಿಯಂನಲ್ಲಿ ಪ್ರದರ್ಶನ ನಡೆಯಿತು. ಫೋಟೋ ಫೋಟೋದ ಹಾಗೇ ಇರಲಿ ಅನ್ನುವುದು ಅವರ ಮಾತು. ಗುಂಪು ಹೆಚ್ಚು ದಿನ ಬಾಳಲಿಲ್ಲ. ಮಾತು ಉಳಿಯಿತು.

ಫೋಟೋಗಳನ್ನು ದೊಡ್ಡದು ಮಾಡುತ್ತಿರಲಿಲ್ಲ ಯಾಕೆ?

ಅವರ ಮುಖ್ಯ ಕ್ಯಾಮೆರಾ 8×10 ಇಂಚಿನದು. ನೆಗೆಟಿವ್ ಕೂಡ ಅಷ್ಟೇ ದೊಡ್ಡದು. ಟ್ರೈಪಾಡ್ ಇಲ್ಲದೆ ಆಗುವುದಿಲ್ಲ. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು, ಹಿಂದಿನ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಚಿತ್ರ ನೋಡಬೇಕು. ಅಲ್ಲಿ ಕಂಡದ್ದೇ ಪ್ರಿಂಟ್.

ಡಾರ್ಕ್‌ರೂಮ್ ಇನ್ನೂ ಸರಳ. ಮೇಲಿನಿಂದ ಇಳಿಬಿಟ್ಟ ಒಂದು ಬರೀ ಬಲ್ಬು. ಕೆಳಗೆ ಗಾಜಿನ ಫ್ರೇಮು. ಫ್ರೇಮಿನೊಳಗೆ ಕಾಗದ, ಅದರ ಮೇಲೆ ನೆಗೆಟಿವ್, ಎರಡೂ ಅಂಟಿಕೊಂಡ ಹಾಗೆ. ಬಲ್ಬು ಹಾಕಿ, ಆರಿಸಿ, ಕಾಗದವನ್ನು ಡೆವಲಪರಿಗೆ ಇಳಿಸುವುದು. ಇದೇ ಕಾಂಟ್ಯಾಕ್ಟ್ ಪ್ರಿಂಟ್. ನಡುವೆ ಇನ್ನೊಂದು ಲೆನ್ಸ್ ಇಲ್ಲದ್ದರಿಂದ ಒಂದು ಮರಳ ಕಣವೂ ಮಸುಕಾಗುವುದಿಲ್ಲ. ಅಂಚು ಕತ್ತರಿಸಿ ಚಿತ್ರ ಸರಿಮಾಡುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಶಟರ್ ಒತ್ತುವ ಮುಂಚೆಯೇ ಕೊನೆಯ ಪ್ರಿಂಟ್ ಕಣ್ಣಿಗೆ ಕಟ್ಟಬೇಕು ಅನ್ನುತ್ತಿದ್ದರು.

ಮೂಲ ಪ್ರಿಂಟ್ ನೋಡಿದವರಿಗೆ ಮೊದಲು ಅಚ್ಚರಿಯಾಗುವುದು ಅದರ ಅಳತೆಯೇ. ಒಂದು ನೋಟ್‌ಬುಕ್ಕಿನಷ್ಟು. ಹತ್ತಿರ ಹೋಗಿ ನೋಡಬೇಕು.

ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

ಪೋರ್ಟ್ರೇಟ್. ಜೀವನದ ಬಹುಪಾಲು ಅದೇ ಅನ್ನ. ಅದರಲ್ಲಿ ಅವರಿಗೆ ಅತಿ ಬೇಸರದ ಕೆಲಸ ಟಚಪ್. ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಸುಕ್ಕು, ಕಲೆ ಮುಚ್ಚುತ್ತಿದ್ದರಲ್ಲ, ಅದೇ. 1930ರ ದಶಕದಲ್ಲಿ ಕಾರ್ಮೆಲ್ಲಿನ ಸ್ಟುಡಿಯೋ ಮುಂದೆ ಬೋರ್ಡೇ ಹಾಕಿದರು: ಇಲ್ಲಿ ಟಚಪ್ ಮಾಡದ ಪೋರ್ಟ್ರೇಟ್ ಮಾತ್ರ. ಮುಖ ಇದ್ದ ಹಾಗೇ ಬೇಕು ಅನ್ನುವ ಗಿರಾಕಿಗಳು ಎಷ್ಟು ಜನ ಸಿಗುತ್ತಾರೆ ಹೇಳಿ. ಆದರೂ ಬೋರ್ಡು ತೆಗೆಯಲಿಲ್ಲ.

ಗುಗನ್‌ಹೈಮ್ ಫೆಲೋಶಿಪ್ ಕಥೆ ಏನು?

ತಮ್ಮ ಕೆಲಸ ಮಾಡಿಕೊಳ್ಳಲಿ ಅಂತ ಕಲಾವಿದರಿಗೆ ಕೊಡುವ ಧನಸಹಾಯ ಇದು. 1937ರಲ್ಲಿ ಸಿಕ್ಕಿತು. ಫೋಟೋಗ್ರಾಫರ್ ಒಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಮೊತ್ತ 2000 ಡಾಲರ್. ಮುಂದಿನ ವರ್ಷಕ್ಕೂ ಮುಂದುವರಿಸಿದರು. ಐವತ್ತೊಂದನೇ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ ಗಿರಾಕಿಯ ಮುಖ ನೋಡದೆ ತಮ್ಮ ಕೆಲಸ ಮಾತ್ರ ಮಾಡುವ ಅವಕಾಶ ಅವರಿಗೆ ಸಿಕ್ಕಿತು.

ಇದರ ಹಿಂದೆ ಚಾರಿಸ್ ವಿಲ್ಸನ್ ಇದ್ದಾರೆ. 1934ರಲ್ಲಿ ಪರಿಚಯ, 1939ರಲ್ಲಿ ಮದುವೆ. ವೆಸ್ಟನ್ ಮೊದಲು ತೀರಾ ಚಿಕ್ಕ ಅರ್ಜಿ ಬರೆದಿದ್ದರು. ಅದು ಸಾಲದು ಅಂತ ಚಾರಿಸ್ ಕೂತು ವಿವರವಾಗಿ ಬರೆದುಕೊಟ್ಟರು. ಫೋರ್ಡ್ ಕಾರು ಓಡಿಸಿದ್ದೂ ಅವರೇ, ವೆಸ್ಟನ್‌ಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಪ್ರಯಾಣದ ಟಿಪ್ಪಣಿ ಇಟ್ಟದ್ದೂ ಅವರೇ. ಮೊದಲ ವರ್ಷವೇ ಹದಿನಾರು ಸಾವಿರ ಮೈಲಿಗೂ ಜಾಸ್ತಿ ಸುತ್ತಿದರು. ಸಾವಿರದ ಇನ್ನೂರಕ್ಕೂ ಹೆಚ್ಚು ನೆಗೆಟಿವ್ ಆದವು. ಡೆತ್ ವ್ಯಾಲಿ, ಮೊಹಾವಿ ಮರುಭೂಮಿ, ಉತ್ತರದ ಕಡಲತೀರ, ಯೋಸೆಮಿಟಿ. ಪತ್ರಿಕೆಗಳಲ್ಲಿ ವೆಸ್ಟನ್ ಹೆಸರಿನಲ್ಲಿ ಬಂದ ಎಷ್ಟೋ ಲೇಖನಗಳನ್ನೂ ಬರೆದವರು ಚಾರಿಸ್. ಒಶಿಯಾನೋ ಮರಳ ದಿಣ್ಣೆಗಳ 1936ರ ಬೆತ್ತಲೆ ಚಿತ್ರಗಳಲ್ಲಿ ಇರುವವರೂ ಅವರೇ. ಜನ ಅವರನ್ನು ಮಾಡೆಲ್ ಅಂತ ಮಾತ್ರ ನೆನೆಯುವುದು ನನಗೆ ನೋವಿನ ವಿಷಯ.

ಮನೆಯವರ ಗತಿ ಏನಾಯಿತು?

ಈ ಪ್ರಶ್ನೆ ಕೇಳಲೇಬೇಕು. 1909ರಲ್ಲಿ ಫ್ಲೋರಾ ಚಾಂಡ್ಲರ್ ಜೊತೆ ಮದುವೆಯಾಗಿತ್ತು. ಚಾಂಡ್ಲರ್, ಬ್ರೆಟ್, ನೀಲ್, ಕೋಲ್ – ನಾಲ್ಕು ಗಂಡುಮಕ್ಕಳು. ವೆಸ್ಟನ್ ಮೆಕ್ಸಿಕೋಗೆ ಹೊರಟಾಗ ಉಳಿದ ಮಕ್ಕಳು ಫ್ಲೋರಾ ಹತ್ತಿರ ಉಳಿದರು. ಆಕೆ ಟೀಚರ್ ಕೆಲಸ ಮಾಡಿ ಮನೆ ನಡೆಸಿದರು. ವೆಸ್ಟನ್ ಬದುಕಿನಲ್ಲಿ ಹೆಂಗಸರು ಹಲವರು ಬಂದರು, ಹೋದರು. ಅವರ ಸ್ವಾತಂತ್ರ್ಯದ ಬೆಲೆಯಲ್ಲಿ ಒಂದು ಪಾಲು ಫ್ಲೋರಾ ಕಟ್ಟಿದ್ದು. ಚಿತ್ರಗಳನ್ನು ಎಷ್ಟು ಪ್ರೀತಿಸಿದರೂ ಇದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಅಂತ ಅಲ್ಲ. ಬ್ರೆಟ್‌ನನ್ನು ಹದಿಮೂರನೇ ವಯಸ್ಸಿಗೆ ಮೆಕ್ಸಿಕೋಗೆ ಕರೆದುಕೊಂಡು ಹೋಗಿ ಕ್ಯಾಮೆರಾ ಕೊಟ್ಟರು. ಅವನು ಮುಂದೆ ದೊಡ್ಡ ಫೋಟೋಗ್ರಾಫರ್ ಆದ. ಕಾರ್ಮೆಲ್ ಹೈಲ್ಯಾಂಡ್ಸ್‌ನ ವೈಲ್ಡ್‌ಕ್ಯಾಟ್ ಹಿಲ್ ಮನೆ ಕಟ್ಟಿಕೊಟ್ಟವನು ನೀಲ್, 1938ರಲ್ಲಿ. ಆ ಮನೆ ತುಂಬಾ ಬೆಕ್ಕುಗಳು.

ಆನ್ಸೆಲ್ ಆಡಮ್ಸ್‌ಗೂ ಇವರಿಗೂ ಏನು ವ್ಯತ್ಯಾಸ?

ಇಬ್ಬರೂ ಆತ್ಮೀಯ ಗೆಳೆಯರು. ಆಡಮ್ಸ್ ಸಂಗೀತಗಾರರ ಹಾಗೆ, ನೆಗೆಟಿವನ್ನು ಸ್ವರಲಿಪಿ ಅಂದುಕೊಂಡು ಡಾರ್ಕ್‌ರೂಮಿನಲ್ಲಿ ಪ್ರತಿ ಸಲ ಬೇರೆ ಥರ ನುಡಿಸುತ್ತಿದ್ದರು. ವೆಸ್ಟನ್‌ಗೆ ಹಾಡು ಗಾಜಿನ ಮೇಲೆಯೇ ಮುಗಿದಿರುತ್ತಿತ್ತು. 1937ರಲ್ಲಿ ಆಡಮ್ಸ್ ವೆಸ್ಟನ್, ಚಾರಿಸ್ ಇಬ್ಬರನ್ನೂ ಯೋಸೆಮಿಟಿಯ ಬೆಟ್ಟಗಳಿಗೆ ಕರೆದುಕೊಂಡು ಹೋಗಿದ್ದರು. ವಾಪಸ್ ಬಂದ ರಾತ್ರಿಯೇ ಆಡಮ್ಸ್ ಡಾರ್ಕ್‌ರೂಮಿಗೆ ಬೆಂಕಿ ಬಿತ್ತು. ಎಲ್ಲರೂ ಸೇರಿ ನೆಗೆಟಿವ್‌ಗಳನ್ನು ಹೊರಗೆ ಎಳೆದು ಹಾಕಿದರು. ಆದರೂ ಬಹಳಷ್ಟು ಸುಟ್ಟುಹೋದವು.

ಕೊನೆಯ ವರ್ಷಗಳು ಹೇಗಿದ್ದವು?

1946ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ದೊಡ್ಡ ಪ್ರದರ್ಶನ ಮಾಡಿತು, ಸುಮಾರು 250 ಚಿತ್ರಗಳದ್ದು. ಅದೇ ವರ್ಷ ಚಾರಿಸ್ ಜೊತೆಗಿನ ಮದುವೆ ಮುರಿಯಿತು. ಅಷ್ಟರಲ್ಲೇ ಕೈ ನಡುಗಲು ಶುರುವಾಗಿತ್ತು. ಪಾರ್ಕಿನ್ಸನ್ಸ್ ಕಾಯಿಲೆ. ಗಂಟೆಗಟ್ಟಲೆ ಶಂಖ ಅಲುಗದ ಹಾಗೆ ಕಾದ ಮನುಷ್ಯನ ಕೈಗೇ ಅದು ಬಂತು.

1948ರಲ್ಲಿ ಪಾಯಿಂಟ್ ಲೋಬೋಸ್ ಕಡಲತೀರದಲ್ಲಿ ಕೊನೆಯ ನೆಗೆಟಿವ್ ತೆಗೆದರು. ಬಂಡೆ, ಅಲ್ಲಲ್ಲಿ ಚೆದುರಿದ ಕಲ್ಲುಗಳು. ಆಮೇಲೆ ಹತ್ತು ವರ್ಷ ಬದುಕಿದರು, ಕ್ಯಾಮೆರಾ ಮುಟ್ಟಲಾಗಲಿಲ್ಲ. ಆದರೆ ಕೆಲಸ ನಿಲ್ಲಲಿಲ್ಲ. 1950ರ ದಶಕದ ಮೊದಲ ಅರ್ಧದಲ್ಲಿ ತಮ್ಮ ಇಡೀ ಬದುಕಿನಿಂದ ಎಂಟುನೂರಕ್ಕೂ ಹೆಚ್ಚು ನೆಗೆಟಿವ್ ಆರಿಸಿದರು. ಬ್ರೆಟ್ ಪ್ರಿಂಟ್ ಹಾಕಿದ. ಅಪ್ಪ ಕುರ್ಚಿಯಲ್ಲಿ ಕೂತು ಒಂದೊಂದನ್ನೂ ನೋಡಿ ಹೌದು, ಅಲ್ಲ ಅನ್ನುತ್ತಿದ್ದರು. ತೀರಿಕೊಂಡಾಗ ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 300 ಡಾಲರ್ ಅಂತ ಹೇಳುತ್ತಾರೆ. ಬೂದಿಯನ್ನು ಮಕ್ಕಳು ಪಾಯಿಂಟ್ ಲೋಬೋಸ್‌ನಲ್ಲೇ ಕಡಲಿಗೆ ಬಿಟ್ಟರು.

ಈಗ ಅವರ ಪ್ರಿಂಟ್‌ಗಳಿಗೆ ಬೆಲೆ ಎಷ್ಟು?

2008ರಲ್ಲಿ 1925ರ ಒಂದು ಬೆತ್ತಲೆ ಚಿತ್ರ 16 ಲಕ್ಷ ಡಾಲರಿಗೆ ಹರಾಜಾಯಿತು. ಈ ಉತ್ತರವನ್ನು ಹಿಂದಿನ ಉತ್ತರದ ಜೊತೆ ಓದಿ.

ಎಲ್ಲಿ ನೋಡಬಹುದು?

ಅವರ ನೆಗೆಟಿವ್, ಕಾಗದಪತ್ರ ಎಲ್ಲವೂ ಅರಿಜೋನಾ ವಿಶ್ವವಿದ್ಯಾಲಯದ ಸೆಂಟರ್ ಫಾರ್ ಕ್ರಿಯೇಟಿವ್ ಫೋಟೋಗ್ರಫಿಯಲ್ಲಿವೆ, ಟೂಸಾನ್ ಊರಿನಲ್ಲಿ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲಿಸ್‌ನ ದೊಡ್ಡ ಮ್ಯೂಸಿಯಂಗಳಲ್ಲೂ ಇವೆ. ಆನ್‌ಲೈನಿನಲ್ಲಿ ಆ ಮ್ಯೂಸಿಯಂಗಳ ಪುಟಗಳಲ್ಲೇ ನೋಡಿ. ಬೇರೆಡೆಯ ಕಾಪಿಗಳಲ್ಲಿ ಕಪ್ಪು ಬಣ್ಣ ಸತ್ತುಹೋಗಿರುತ್ತದೆ. ದಿನಚರಿಗಳು 1960ರ ದಶಕದಲ್ಲಿ ಪುಸ್ತಕವಾಗಿ ಬಂದವು. ಮೆಕ್ಸಿಕೋಗೆ ಮುಂಚಿನ ದಿನಚರಿಗಳನ್ನು ಅವರೇ ಸುಟ್ಟುಬಿಟ್ಟಿದ್ದರು.

ಬೇ ಏರಿಯಾದಲ್ಲಿ ಇರುವ ಕನ್ನಡದವರೇ, ನಿಮಗೊಂದು ಮಾತು. ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಹೊರಟರೆ ಅರ್ಧ ದಿನದೊಳಗೆ ಪಾಯಿಂಟ್ ಲೋಬೋಸ್ ನೋಡಿ ಬರಬಹುದು. ಅಲ್ಲಿ ಒಂದು ಸಣ್ಣ ಕಲ್ಲಿನ ತೀರಕ್ಕೆ ಈಗ ವೆಸ್ಟನ್ ಬೀಚ್ ಅಂತಲೇ ಹೆಸರು. ಬೆಳಗ್ಗೆ ಬೇಗ ಹೋಗಿ.

ಮನೆಯಲ್ಲಿ ನಾವೂ ಪ್ರಯತ್ನಿಸಬಹುದಾ?

ಖಂಡಿತ. ಮೊಬೈಲ್ ಆದರೂ ಸಾಕು. ಅಂಗಡಿಯಲ್ಲಿ ಸೊಟ್ಟ ಇರುವ ದಪ್ಪ ಮೆಣಸಿನಕಾಯಿ ಆರಿಸಿ, ಚಂದದ್ದು ಬೇಡ. ಕಿಟಕಿ ಪಕ್ಕ ಇಡಿ, ಆದರೆ ನೇರ ಬಿಸಿಲು ಬೀಳಬಾರದು. ದೊಡ್ಡ ಆಲಿಕೆ ಇಲ್ಲದಿದ್ದರೆ ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಅಡ್ಡ ಮಲಗಿಸಿ. ಸ್ಟೀಲ್ ತುಂಬಾ ಹೊಳೆಯುತ್ತದೆ, ಕಾಯಿಯ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಮೊಬೈಲನ್ನು ಯಾವುದಕ್ಕಾದರೂ ಒರಗಿಸಿ ನಿಲ್ಲಿಸಿ, ಕೈಯಲ್ಲಿ ಹಿಡಿಯಬೇಡಿ. ಕಾಯಿಯನ್ನು ಒಂದೊಂದೇ ನೂಲು ತಿರುಗಿಸುತ್ತಾ ಹೋಗಿ. ಫಿಲ್ಟರ್ ಹಾಕಬೇಡಿ, ಆಮೇಲೆ ಕತ್ತರಿಸಬೇಡಿ. ಮೊದಲ ದಿನ ಬರೀ ತರಕಾರಿ ಬರುತ್ತದೆ. ಕಾಯಿ ಬಾಡಲು ಇನ್ನೂ ಮೂರ್ನಾಲ್ಕು ದಿನ ಇದೆ. ಅಷ್ಟೂ ದಿನ ಅದನ್ನೇ ತೆಗೆಯಿರಿ.